6,500 ರೂಪಾಯಿಯ ಡ್ರೈವಿಂಗ್ ಕ್ಲಾಸೂ ನನ್ನ ನೀಲಿ ಬಿಲ್ಲೆಯೂ

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ ಹೊಲಿಯುವುದು ಮುಖ್ಯ ಕೆಲಸ. ಮದುವೆಯ ದಿನಗಳಲ್ಲಿ ಆರಿ ಕಸೂತಿಯನ್ನೂ ಮಾಡಿಸಿಕೊಡುತ್ತೇನೆ. ದೇವರಾಜ ಅರಸು ರಸ್ತೆಯ ಎರಡು ಬಟ್ಟೆ ಅಂಗಡಿಗಳಿಗೆ ವಾರಕ್ಕೆ ಎರಡು ಸಲ ಗಂಟು ಹೊತ್ತುಕೊಂಡು ಹೋಗಬೇಕು. ಒಂದು ವರ್ಷದ ಆಟೋ ಬಾಡಿಗೆಯನ್ನು ಬರೆದಿಟ್ಟು ಕೂಡಿಸಿದಾಗ ಬಂದ ಮೊತ್ತ ನೋಡಿ ಎದೆ ಧಸಕ್ಕೆಂದಿತು. ತಮ್ಮ ಮಾರಲು ಹೊರಟಿದ್ದ ಹಳೆಯ ಕಾರನ್ನು ನಾನೇ ತೆಗೆದುಕೊಂಡೆ. ಆಗ ನನಗೆ 48 ವರ್ಷ. ಕಾರೇನೋ ಬಂದು ಮನೆಯ ಮುಂದೆ ನಿಂತಿತು. ಓಡಿಸಲು ಮನೆಯಲ್ಲಿ ಯಾರಿಗೂ ಬಾರದು. ಯಜಮಾನರು ಸ್ಕೂಟರ್ ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ.

ಹಾಗೆ ಸೇರಿದ ಡ್ರೈವಿಂಗ್ ಶಾಲೆಯ ಬಗ್ಗೆ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಹಾಕುವುದಿಲ್ಲ. ಬೈಯಬೇಕಾದದ್ದು ಬಹಳವಿದೆ, ಹೊಗಳಬೇಕಾದವರು ಒಬ್ಬರಿದ್ದಾರೆ; ಬೈಗುಳದ ಬಿಸಿ ಅವರಿಗೆ ತಟ್ಟಬಾರದು.

ಶಾಲೆಯ ಗೋಡೆಯ ಮೇಲೆ ‘21 ದಿನಗಳ ಪೂರ್ಣ ತರಬೇತಿ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಶುಲ್ಕ 6,500 ರೂಪಾಯಿ, ಲೈಸೆನ್ಸಿನ ಖರ್ಚು ಬೇರೆ. ನನಗೆ ಎಲ್ಲವನ್ನೂ ಅಳತೆ ಪುಸ್ತಕದಲ್ಲಿ ಬರೆದಿಡುವ ಚಟ. ಯಾರ ತೋಳು ಎಷ್ಟು ಇಂಚು ಎಂಬುದರ ಪಕ್ಕದಲ್ಲೇ, ಆ ದಿನ ಸ್ಟೀರಿಂಗ್ ಎಷ್ಟು ನಿಮಿಷ ನನ್ನ ಕೈಯಲ್ಲಿತ್ತು ಎಂದೂ ಗುರುತು ಹಾಕಿದೆ. ಒಂದು ದಿನ 22, ಒಂದು ದಿನ 15, ಪೆಟ್ರೋಲ್ ಹಾಕಿಸಲು ಹೋದ ದಿನ 9. ಹಿಂದಿನ ಸೀಟಿನಲ್ಲಿ ಯಾವಾಗಲೂ ಇಬ್ಬರು ಮೂವರು ತಮ್ಮ ಸರದಿಗೆ ಕಾಯುತ್ತಿರುತ್ತಿದ್ದರು. ಕೊನೆಗೆ ಕೂಡಿಸಿದರೆ 400 ನಿಮಿಷ, ಅಂದರೆ 6 ಗಂಟೆ 40 ನಿಮಿಷ.

ಇದು ಕಡಿಮೆಯೋ ಹೆಚ್ಚೋ ನನಗೆ ತಿಳಿದಿರಲಿಲ್ಲ. ನನ್ನಲ್ಲಿಗೆ ಬರುವ ವಕೀಲೆಯೊಬ್ಬರು ರವಿಕೆಯ ಟ್ರಯಲ್ ನೋಡಲು ಬಂದಾಗ ಕೇಳಿದೆ. ಮರುದಿನ ಕಾಗದವನ್ನೇ ಮುದ್ರಿಸಿ ತಂದುಕೊಟ್ಟರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 31ನೆಯದು ಡ್ರೈವಿಂಗ್ ಶಾಲೆಗಳ ಪಾಠದ್ದು. ಸ್ವಂತ ಕಾರು ಓಡಿಸುವವರಿಗೂ ತರಬೇತಿ 21 ದಿನಕ್ಕೆ ಕಡಿಮೆ ಇರಬಾರದು, ನಿಜವಾಗಿ ವಾಹನ ಓಡಿಸಿದ ಹೊತ್ತು 10 ಗಂಟೆಗೆ ಕಡಿಮೆ ಇರಬಾರದು ಎಂದು ಅದರಲ್ಲಿದೆ. ಪಾಠಪಟ್ಟಿಯಲ್ಲಿ ಸಂಚಾರ ಶಿಕ್ಷಣ ಎಂಬ ಭಾಗವೇ ಇದ್ದು, ಕೈಸನ್ನೆ, ಫಲಕ, ಸಿಗ್ನಲ್ ದೀಪಗಳ ಜೊತೆಗೆ ರಸ್ತೆಯ ಮೇಲಿನ ಗೆರೆಗಳೂ ಸೇರಿವೆ. ನನಗೆ ಬರಬೇಕಾದ ಬಟ್ಟೆಯಲ್ಲಿ ಮೂರನೆಯ ಒಂದು ಪಾಲನ್ನು ಕತ್ತರಿಸಿ ಇಟ್ಟುಕೊಂಡಿದ್ದರು.

ಗೆರೆಗಳ ಪಾಠವೆಂದು ಶಾಲೆ ಕೊಟ್ಟದ್ದು ಮೊಬೈಲಿಗೆ ಕಳುಹಿಸಿದ ನಾಲ್ಕು ನಿಮಿಷದ ಒಂದು ವಿಡಿಯೊ. ಅದರಲ್ಲಿದ್ದ ರಸ್ತೆಯಲ್ಲಿ ಕಾರುಗಳು ಬಲಗಡೆ ಓಡುತ್ತಿದ್ದವು. ಯಾವ ದೇಶದ್ದೋ ಏನೋ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರು ಹಳೆಯದಾದರೂ ಬ್ರೇಕ್ ಚೆನ್ನಾಗಿತ್ತು. ಕಲಿಸುವವರ ಕಾಲ ಬಳಿಯೂ ಇನ್ನೊಂದು ಜೊತೆ ಪೆಡಲ್ ಇದ್ದುದರಿಂದ ಜೀವಭಯವಿರಲಿಲ್ಲ. ಸೀಟಿನ ಹೊದಿಕೆಯ ಹೊಲಿಗೆ ಬಿಚ್ಚಿತ್ತು, ನನಗೆ ಅದನ್ನು ನೋಡಲಾಗದೆ ನಾಲ್ಕನೆಯ ದಿನ ಸೂಜಿ ದಾರ ಒಯ್ದು ಸರಿಮಾಡಿದೆ. ಹಾಫ್ ಕ್ಲಚ್, ರಿವರ್ಸ್, ಏರಿನಲ್ಲಿ ನಿಲ್ಲಿಸಿ ಎತ್ತುವುದು, ಇಷ್ಟನ್ನೂ ಕಲಿಸಿಕೊಟ್ಟ ಹುಡುಗ ಒಳ್ಳೆಯವನೇ. ಆದರೆ ಅವನ ಕಣ್ಣು ಆರ್‌ಟಿಒ ಪರೀಕ್ಷೆಯ ಆಚೆಗೆ ಹಾಯುತ್ತಿರಲಿಲ್ಲ. ‘ಆಂಟಿ, ಇದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ, ಬಿಡಿ’ ಎಂಬುದು ಅವನ ಪಲ್ಲವಿ.

ಹನ್ನೆರಡನೆಯ ದಿನ ಹುಣಸೂರು ರಸ್ತೆಯ ಸಿಗ್ನಲ್ಲಿನಲ್ಲಿ ನಡೆದದ್ದನ್ನು ಹೇಳಬೇಕು. ಕೆಂಪು ದೀಪವಿತ್ತು. ನಾನು ಬಿಳಿ ಗೆರೆಯ ಹಿಂದೆ ನಿಲ್ಲಿಸಿದೆ. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ಎಡಕ್ಕೂ ಬಲಕ್ಕೂ ಸ್ಕೂಟರುಗಳು ನುಗ್ಗಿ ಗೆರೆಯ ಮುಂದೆ ಹೋಗಿ ನಿಂತವು. ಹುಡುಗ, ‘ಸ್ವಲ್ಪ ಮುಂದೆ ಬಿಡಿ ಆಂಟಿ, ಇಲ್ಲದಿದ್ದರೆ ಬೈಯುತ್ತಾರೆ’ ಎಂದ. ಬಿಟ್ಟೆ. ಕಾರು ಪಾದಚಾರಿಗಳ ಪಟ್ಟಿಯ ಅರ್ಧಕ್ಕೆ ಬಂದು ನಿಂತಿತು. ಅದೇ ಹೊತ್ತಿಗೆ ಒಬ್ಬ ಅಜ್ಜಿ ಹೂವಿನ ಬುಟ್ಟಿ ಹಿಡಿದು ದಾಟುತ್ತಿದ್ದರು. ದಾರಿ ಮುಚ್ಚಿಹೋಗಿತ್ತು. ಅವರು ನಿಂತರು, ಒಳಗೆ ಕೂತ ನನ್ನನ್ನು ನೋಡಿದರು, ಬುಟ್ಟಿಯನ್ನು ಎಡಗೈಗೆ ಬದಲಾಯಿಸಿ ಬಲಗೈಯಿಂದ ಬಾನೆಟ್ ಮೇಲೆ ಫಟ್ ಎಂದು ಬಾರಿಸಿದರು. ಆಮೇಲೆ ಕಾರಿನ ಮೂತಿಯನ್ನು ಸುತ್ತು ಹಾಕಿ, ಓಡುವ ವಾಹನಗಳ ಅಂಚಿಗೆ ಇಳಿದು ಹೋದರು. ಬಾನೆಟ್ ಮೇಲೆ ಒದ್ದೆ ಬೆರಳುಗಳ ಗುರುತೂ ಒಂದು ಮಲ್ಲಿಗೆ ಮೊಗ್ಗೂ ಉಳಿದವು. ಹುಡುಗ ನಕ್ಕ. ನನಗೆ ಇಡೀ ದಿನ ಕತ್ತರಿ ನೆಟ್ಟಗೆ ಓಡಲಿಲ್ಲ.

ಮರುದಿನ ಹುಡುಗನಿಗೆ ಜ್ವರ. ಬದಲಿಗೆ ಒಬ್ಬ ಹಿರಿಯರು ಬಂದರು. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು; ಬಿಳಿ ಅಂಗಿ, ಜೇಬಿನಲ್ಲಿ ಕನ್ನಡಕದ ಡಬ್ಬಿ. ನಾನು ಹಿಂದಿನ ದಿನದ ಕಥೆ ಹೇಳಿದೆ. ಅವರು ನಗಲಿಲ್ಲ. ‘ನಾಳೆ ಆರೂವರೆಗೆ ಬನ್ನಿ ಅಮ್ಮಾ, ಕಾರು ಹತ್ತುವುದು ಬೇಡ, ನಿಂತು ನೋಡೋಣ’ ಎಂದರು. ಕಾಸು ಕೊಟ್ಟು ಕಾರು ಹತ್ತದಿರುವುದೆಂದರೇನು ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ. ಅಳತೆ ಪುಸ್ತಕದಲ್ಲಿ ಆ ದಿನದ ಎದುರು ಈಗಲೂ ಸೊನ್ನೆ ಇದೆ. ಇಡೀ ಕೋರ್ಸಿನಲ್ಲಿ ದುಡ್ಡು ಹುಟ್ಟಿದ್ದು ಆ ಸೊನ್ನೆಯ ದಿನವೇ.

ಮೆಟ್ರೋಪೋಲ್ ವೃತ್ತದ ಹತ್ತಿರ ಕಾರು ನಿಲ್ಲಿಸಿ, ಪಾದಚಾರಿ ಮಾರ್ಗದ ಮೇಲೆ ಮರದ ನೆರಳಿನಲ್ಲಿ ನಿಂತೆವು. ಹುಣಸೂರು ರಸ್ತೆಯಿಂದಲೂ ಜೆಎಲ್‌ಬಿ ರಸ್ತೆಯಿಂದಲೂ ವಾಹನಗಳು ಬಂದು ಬಂದು ಸೇರುತ್ತಿದ್ದವು. ಮೇಷ್ಟ್ರು ಸುಮ್ಮನೆ ಕೈ ಕಟ್ಟಿಕೊಂಡು ಐದು ನಿಮಿಷ ನೋಡಿದರು. ಆಮೇಲೆ ಬರೆಯಲು ಏನಾದರೂ ಇದೆಯೇ ಎಂದು ಕೇಳಿದರು. ನನ್ನ ಪರ್ಸಿನಲ್ಲಿ ಇದ್ದದ್ದು ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಬಿಲ್ಲೆ, ಒಂದು ಪೊಟ್ಟಣ ಗುಂಡಿ, ಸ್ವಲ್ಪ ಹುಕ್ಕು. ಅವರು ಬಿಲ್ಲೆಯನ್ನು ತೆಗೆದುಕೊಂಡು ಮಂಡಿಯೂರಿ ಕೂತು, ಸಿಮೆಂಟಿನ ಮೇಲೆ ಕೂಡುರಸ್ತೆಯನ್ನು ಎಳೆದರು. ನಡುಗದ ಕೈ. ನಮ್ಮ ಅಂಗಡಿಯ ಕಟಿಂಗ್ ಹುಡುಗನಿಗಿಂತ ನೇರವಾದ ಗೆರೆ.

ಮೊದಲು ಸ್ಟಾಪ್ ಲೈನ್. ಅದು ಪಾದಚಾರಿಗಳ ಪಟ್ಟಿಗೆ ಅಂಟಿಕೊಂಡಿರದೆ ಸ್ವಲ್ಪ ಹಿಂದೆ ಏಕಿದೆ ಎಂದು ಕೇಳಿದರು. ನಡೆಯುವವರಿಗಾಗಿ ಎಂದೆ. ಅದು ಅರ್ಧ ಉತ್ತರ ಎಂದರು. ಇನ್ನರ್ಧ ಬಸ್ಸಿನ ಸೀಟಿನಿಂದ ಬಂತು. ಅಡ್ಡರಸ್ತೆಯಿಂದ ಬಲಕ್ಕೆ ತಿರುಗುವ ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಮೂಲೆಯನ್ನು ಒಳಗೆ ಕತ್ತರಿಸಿಕೊಂಡು ಬರುತ್ತದೆ. ಸ್ಟಾಪ್ ಲೈನ್ ದಾಟಿ ನಿಂತ ಕಾರು ಆ ಕತ್ತರಿಗೇ ಸಿಕ್ಕುತ್ತದೆ. ಬಸ್ಸಿನ ಮೂತಿಯ ಕೆಳಗಿನ ಜಾಗ ಚಾಲಕನಿಗೆ ಕಾಣುವುದೂ ಇಲ್ಲ. ಬಸ್ಸಿನ ಮುಂದೆ ನುಗ್ಗಿ ಗೆರೆ ದಾಟಿ ನಿಲ್ಲುವ ಸ್ಕೂಟರಿನವನು ತಾನು ಮೊದಲಿಗ ಎಂದುಕೊಂಡಿರುತ್ತಾನೆ, ಬಸ್ಸಿನವನ ಪಾಲಿಗೆ ಅವನು ಅಲ್ಲಿ ಇಲ್ಲವೇ ಇಲ್ಲ. ‘ಮೂವತ್ತು ವರ್ಷ ನನ್ನ ನಿದ್ದೆ ಕೆಡಿಸಿದವರು ಇವರೇ ಅಮ್ಮಾ’ ಎಂದರು. ಇನ್ನೂ ಒಂದು ಮಾತು: ಗೆರೆ ದಾಟಿ ನಿಂತವನಿಗೆ ತನ್ನ ಪಕ್ಕದ ಕಂಬದ ಸಿಗ್ನಲ್ ಬೆನ್ನ ಹಿಂದೆ ಬೀಳುತ್ತದೆ. ಹಸಿರು ಬಂದದ್ದು ಅವನಿಗೆ ತಿಳಿಯುವುದು ಹಿಂದಿನವರ ಹಾರ್ನ್‌ನಿಂದ. ಅಂದಿನಿಂದ ನಾನು ಸಿಗ್ನಲ್ಲಿನಲ್ಲಿ ಕತ್ತು ತಿರುಗಿಸಿ ಹಿಂದೆ ನೋಡುವವರನ್ನು ಎಣಿಸುತ್ತಿರುತ್ತೇನೆ. ಒಂದು ಸರದಿಗೆ ಐದಾರು ಮಂದಿಗೆ ಕಡಿಮೆಯಿಲ್ಲ.

ಹಳದಿ ದೀಪವೂ ಇದೇ ಗೆರೆಗೆ ಸೇರಿದ್ದು. ಹಳದಿ ಎಂದರೆ ಬೇಗ ಹೋಗು ಎಂದು ನಾನು ನಂಬಿದ್ದೆ, ಯಜಮಾನರ ಸ್ಕೂಟರಿನ ಹಿಂದೆ ಇಪ್ಪತ್ತು ವರ್ಷ ಕೂತು ಕಲಿತ ವಿದ್ಯೆ. ಹಳದಿ ಬಂದರೆ ಸ್ಟಾಪ್ ಲೈನಿನ ಹಿಂದೆ ನಿಲ್ಲಬೇಕು. ಗೆರೆಗೆ ತೀರಾ ಹತ್ತಿರ ಬಂದುಬಿಟ್ಟಿದ್ದು, ಈಗ ಬ್ರೇಕ್ ಒತ್ತಿದರೆ ಹಿಂದಿನವನು ಗುದ್ದುತ್ತಾನೆ ಎಂಬಷ್ಟಿದ್ದರೆ ಮಾತ್ರ ದಾಟಬಹುದು.

ಆಮೇಲೆ ಉದ್ದ ಗೆರೆಗಳು. ಇದು ನನಗೆ ಹೇಳಿಕೊಡಬೇಕಾಗಲಿಲ್ಲ ಎಂದರೂ ಸರಿಯೇ. ತುಂಡು ತುಂಡಾದ ಬಿಳಿ ಗೆರೆ ನಮ್ಮ ಕಚ್ಚಾ ಹೊಲಿಗೆ ಇದ್ದಂತೆ, ಅಗತ್ಯವಿದ್ದರೆ, ಎದುರು ಖಾಲಿ ಇದ್ದರೆ ದಾಟಬಹುದು. ಅಖಂಡ ಗೆರೆ ಮಿಷನ್ ಹೊಲಿಗೆ, ದಾಟುವ ಹಾಗಿಲ್ಲ. ಒಂದು ತುಂಡು ಗೆರೆ, ಪಕ್ಕದಲ್ಲೇ ಒಂದು ಅಖಂಡ ಗೆರೆ ಇದ್ದರೆ? ಅದನ್ನು ನಾನು ನೋಡಿದ್ದೆ, ಬಣ್ಣ ಹೆಚ್ಚಾಗಿ ಎಳೆದಿದ್ದಾರೆ ಎಂದುಕೊಂಡಿದ್ದೆ. ನಮ್ಮ ಮಗ್ಗುಲಿಗೆ ಯಾವ ಗೆರೆಯಿದೆಯೋ ಅದು ನಮ್ಮ ಪಾಲಿನ ಕಾನೂನು, ಆ ಕಡೆಯದು ಎದುರಿನಿಂದ ಬರುವವನದು. ಕೂಡುರಸ್ತೆಗೆ ಬರುತ್ತಿದ್ದಂತೆ ತುಂಡು ಗೆರೆಗಳು ಅಖಂಡವಾಗಿಬಿಡುತ್ತವೆ, ನೆಲದ ಮೇಲೆ ಬಾಣಗಳು ಕಾಣಿಸುತ್ತವೆ. ಯಾವ ಕಡೆ ತಿರುಗಬೇಕು ಎಂಬುದನ್ನು ಅದಕ್ಕೆ ಮೊದಲೇ ತೀರ್ಮಾನಿಸಬೇಕು.

‘ಬಲಕ್ಕೆ ಹೋಗಬೇಕಾಗಿತ್ತು, ನೇರದ ಬಾಣದ ಮೇಲೆ ಬಂದು ನಿಂತಿದ್ದೇನೆ. ಏನು ಮಾಡಲಿ ಮೇಷ್ಟ್ರೇ?’ ಎಂದು ಕೇಳಿದೆ.

‘ನೇರ ಹೋಗಿ. ಮುಂದೆ ಎಲ್ಲಾದರೂ ತಿರುಗಿಸಿಕೊಂಡು ಬನ್ನಿ. ಎರಡು ನಿಮಿಷ ತಡವಾಗುತ್ತದೆ, ರವಿಕೆಯೇನು ಓಡಿಹೋಗುವುದಿಲ್ಲ.’

ಮುಖ್ಯವಾದದ್ದು ಇನ್ನು ಬರಬೇಕು. ಕೂಡುರಸ್ತೆಯ ನಟ್ಟನಡುವೆ ಅವರು ಒಂದು ಚೌಕ ಎಳೆದು, ಅದರೊಳಗೆ ಓರೆ ಗೆರೆಗಳನ್ನು ಹೆಣೆದು ಜಾಲರಿ ಮಾಡಿದರು. ನೀಲಿ ಸೀಮೆಸುಣ್ಣವಾದ್ದರಿಂದ ನೀಲಿಯಾಗಿತ್ತು, ರಸ್ತೆಯಲ್ಲಿ ಅದು ಹಳದಿ. ‘ಇದು ಗೊತ್ತೇ?’ ಎಂದರು. ಅಲಂಕಾರ ಎಂದೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದನ್ನೇ ಹೇಳಿದ್ದು.

ಮೇಷ್ಟ್ರು ಗುಂಡಿಗಳನ್ನು ಸುರಿದುಕೊಂಡು ನಾಲ್ಕೂ ರಸ್ತೆಗಳಲ್ಲಿ ಸಾಲಾಗಿ ಜೋಡಿಸಿದರು. ಒಂದು ಕಡೆಗೆ ಕೆಂಪು ಗುಂಡಿ, ಇನ್ನೊಂದಕ್ಕೆ ಬಿಳಿ, ಹೀಗೆ. ‘ಕೆಂಪಿನವರಿಗೆ ಹಸಿರು ದೀಪ ಬಂತು. ಆದರೆ ಆಚೆ ಬದಿಯ ರಸ್ತೆ ತುಂಬಿದೆ, ಜಾಗವಿಲ್ಲ. ಆದರೂ ಹಸಿರು ಬಂತಲ್ಲ ಎಂದು ನುಗ್ಗಿದರು’ ಎನ್ನುತ್ತಾ ಮೂರು ಕೆಂಪು ಗುಂಡಿಗಳನ್ನು ಚೌಕದೊಳಕ್ಕೆ ತಳ್ಳಿದರು. ‘ಅಷ್ಟರಲ್ಲಿ ಬಿಳಿಯವರಿಗೆ ಹಸಿರು.’ ಎರಡು ಬಿಳಿ ಗುಂಡಿಗಳು ಒಳಗೆ ಬಂದು ಕೆಂಪಿಗೆ ಒತ್ತಿಕೊಂಡು ನಿಂತವು. ‘ಈಗ ಕಪ್ಪಿನವರು.’ ಆಮೇಲೆ ಚಿನ್ನದ ಬಣ್ಣದವು. ಚೌಕ ತುಂಬಿತು. ‘ಈಗ ಒಂದೇ ಒಂದು ಗುಂಡಿಯನ್ನು ಮುಂದಕ್ಕೆ ನಡೆಸಿ ನೋಡೋಣ.’

ನಾನೂ ಕೂತು ಪ್ರಯತ್ನಿಸಿದೆ. ಕೆಂಪು ಹೋಗಬೇಕಾದರೆ ಬಿಳಿ ಸರಿಯಬೇಕು, ಬಿಳಿಗೆ ಕಪ್ಪು ಅಡ್ಡ, ಕಪ್ಪಿಗೆ ಚಿನ್ನ, ಚಿನ್ನಕ್ಕೆ ಮತ್ತೆ ಕೆಂಪು. ಯಾರಿಗೂ ದಾರಿಯಿಲ್ಲ, ದೀಪ ಎಷ್ಟು ಸಲ ಬದಲಾದರೂ ಅಷ್ಟೇ. ದಸರೆಯ ಸಂಜೆ ಆಟೋದಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ಕೂತಿದ್ದು ನೆನಪಾಯಿತು. ಆ ಚೌಕದ ನಿಯಮ ಒಂದೇ: ಆಚೆ ಕಡೆ ನಮ್ಮ ವಾಹನ ಹಿಡಿಯುವಷ್ಟು ಜಾಗ ಕಾಣುವವರೆಗೆ ಹಳದಿ ಜಾಲರಿಯೊಳಗೆ ಚಕ್ರ ಇಡಬಾರದು, ದೀಪ ಹಸಿರಾಗಿದ್ದರೂ. ಹಸಿರು ದೀಪ ಹೋಗಬಹುದು ಎನ್ನುತ್ತದೆ, ಜಾಗವಿದೆ ಎಂದು ಹೇಳುವುದಿಲ್ಲ. ಮೇಷ್ಟ್ರು ಕೆಂಪು ಗುಂಡಿಗಳನ್ನು ತಮ್ಮ ಸ್ಟಾಪ್ ಲೈನಿಗೆ ಹಿಂದೆ ಎಳೆದರು. ಉಳಿದವೆಲ್ಲ ಒಂದೊಂದಾಗಿ ಸಲೀಸಾಗಿ ಹೊರಟುಹೋದವು.

ಹಾಲಿನ ಕ್ಯಾನ್ ಕಟ್ಟಿಕೊಂಡು ಸೈಕಲ್ ತಳ್ಳುತ್ತಿದ್ದವರೊಬ್ಬರು ನಿಂತು ನೋಡಿ, ಚೌಕಾಬಾರವೇ ಎಂದು ಕೇಳಿದರು. ಮೇಷ್ಟ್ರು ಹೌದು ಎಂದರು.

ಮೈಸೂರು ಸರ್ಕಲ್ಲುಗಳ ಊರಾದ್ದರಿಂದ ವೃತ್ತದ ಪಾಠವೂ ಆಯಿತು. ಕೆ.ಆರ್. ವೃತ್ತವಾಗಲಿ ಚಾಮರಾಜ ವೃತ್ತವಾಗಲಿ, ಈಗಾಗಲೇ ಒಳಗೆ ಸುತ್ತುತ್ತಿರುವವರು ನಮ್ಮ ಬಲಗಡೆಯಿಂದ ಬರುತ್ತಾರೆ, ಅವರಿಗೆ ದಾರಿ ಬಿಟ್ಟು ನಾವು ಸೇರಬೇಕು. ಸೇರುವಲ್ಲಿ ಅಡ್ಡವಾಗಿ ಜೋಡಿ ತುಂಡು ಗೆರೆ, ಕೆಲವು ಕಡೆ ತಲೆಕೆಳಗಾದ ತ್ರಿಕೋನ ಇದ್ದರೆ ಅದು ಹೇಳುವುದೂ ಇದನ್ನೇ. ಎಡಕ್ಕೆ ತಿರುಗುವವರು ಕೆಂಪು ದೀಪದಲ್ಲೂ ಹೋಗಬಹುದೆಂಬುದು ಫ್ರೀ ಲೆಫ್ಟ್ ಫಲಕವಿರುವಲ್ಲಿಗೆ ಮಾತ್ರ ಸಲ್ಲುತ್ತದೆ, ಅಲ್ಲಿಯೂ ದಾಟುವವರು ಮೊದಲು. ಇವೆಲ್ಲ ಮೇಷ್ಟ್ರ ಸ್ವಂತ ಮಾತುಗಳೇನೋ ಎಂದು ವಕೀಲೆಯ ಹತ್ತಿರ ಮತ್ತೆ ಕೇಳಿದೆ. ರಸ್ತೆಯಲ್ಲಿ ನಡೆದುಕೊಳ್ಳುವ ಕ್ರಮಕ್ಕೆ 1989ರಿಂದಲೂ ವಿನಿಯಮಗಳಿದ್ದವಂತೆ, 2017ರಲ್ಲಿ ಅವುಗಳ ಜಾಗಕ್ಕೆ ಹೊಸವು ಬಂದವಂತೆ. ನನ್ನ ಕಾಲದ ಯಾವ ಸ್ಕೂಟರ್ ಸವಾರನಿಗೂ ಎರಡರ ಸುಳಿವೂ ಇರಲಿಲ್ಲ.

ಇಲ್ಲಿ ಒಂದು ತಕರಾರು ನನ್ನದು. ಗೆರೆಗಳಿಗೆ ಇಷ್ಟು ಬೆಲೆಯಿದ್ದರೆ ಅವು ಕಾಣಬೇಡವೇ? ನಾನು ದಿನಾ ಹಾದುಹೋಗುವ ಒಂದು ಕೂಡುರಸ್ತೆಯಲ್ಲಿ ಬಾಣದ ತಲೆ ಸವೆದು ಬರೀ ಕಡ್ಡಿ ಉಳಿದಿದೆ. ಎಡವೋ ಬಲವೋ ಅದನ್ನು ಎಳೆದವನೇ ಹೇಳಬೇಕು. ಇನ್ನೊಂದು ಕಡೆ ಪೈಪಿಗಾಗಿ ಅಗೆದು ಮುಚ್ಚಿದ ಮೇಲೆ ಸ್ಟಾಪ್ ಲೈನಿನ ಎಡಭಾಗ ಮಾಯವಾಗಿದೆ. ಅರ್ಧ ರಸ್ತೆಗೆ ಮಾತ್ರ ಕಾನೂನು.

ಗೆರೆ ಎಳೆಯುವುದನ್ನೂ ಒಂದು ರಾತ್ರಿ ನಿಂತು ನೋಡಿದೆ. ದಸರೆ ಹತ್ತಿರವಿತ್ತು, ಅರಸು ರಸ್ತೆಯಿಂದ ತಡವಾಗಿ ಹಿಂದಿರುಗುತ್ತಿದ್ದೆ. ದೊಡ್ಡ ಹಂಡೆಯಂಥ ಒಲೆಯಲ್ಲಿ ಬಿಳಿ ಪುಡಿ ಕರಗಿ ಕುದಿಯುತ್ತಿತ್ತು. ಥರ್ಮೋಪ್ಲಾಸ್ಟಿಕ್ ಎನ್ನುತ್ತಾರೆ, ಸುಮಾರು 180 ಡಿಗ್ರಿಯಲ್ಲಿ ಕರಗಿಸಿ 2.5 ಮಿಲಿಮೀಟರಿನಷ್ಟು ದಪ್ಪಕ್ಕೆ ಎಳೆಯುತ್ತಾರೆ. ತಳ್ಳುಗಾಡಿಯಂಥ ಪೆಟ್ಟಿಗೆಯನ್ನು ಒಬ್ಬ ನಡೆಸಿಕೊಂಡು ಹೋದ, ಅವನ ಹಿಂದೆ ಬಿಸಿ ಗೆರೆ ಹಾಸಿಕೊಂಡಿತು. ಅದು ಆರುವ ಮೊದಲೇ ಗಾಜಿನ ಸಣ್ಣ ಮಣಿಗಳು ಅದರ ಮೇಲೆ ಉದುರಿದವು. ಹೆಡ್‌ಲೈಟಿನ ಬೆಳಕು ಆ ಮಣಿಗಳೊಳಗೆ ಹೊಕ್ಕು ಓಡಿಸುವವರ ಕಣ್ಣಿಗೇ ತಿರುಗಿ ಬರುತ್ತದೆ, ರಾತ್ರಿ ಗೆರೆ ಹೊಳೆಯುವುದು ಅದರಿಂದ. ಪುಡಿಯೊಳಗೂ ಮಣಿಗಳು ಬೆರೆತಿರುತ್ತವೆ, ಮೇಲಿನ ಪದರ ಸವೆದಂತೆ ಒಳಗಿನವು ಹೊರಬರುತ್ತವೆ. ಆರಿ ಕಸೂತಿಗೆ ಕೂರುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಹೇಳಿದಾಗ ನಂಬಲಿಲ್ಲ. ರಸ್ತೆಗೂ ಮಣಿ ಕೆಲಸವೇ ಅಕ್ಕಾ ಎಂದು ಕೇಳಿದರು.

ಪರೀಕ್ಷೆ ಪಾಸಾಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹುಡುಗ ಕಲಿಸಿದ ರಿವರ್ಸ್ ಅಲ್ಲಿ ಕೈ ಹಿಡಿಯಿತು, ಅವನಿಗೂ ಋಣಿ.

ಈಗ ಎಂಟು ತಿಂಗಳಿಂದ ನಾನೇ ಓಡಿಸುತ್ತಿದ್ದೇನೆ. ಮೊನ್ನೆ ಯಜಮಾನರೂ ಪಕ್ಕದಲ್ಲಿದ್ದರು, ಹಿಂದಿನ ಸೀಟಿನಲ್ಲಿ 36 ರವಿಕೆಗಳ ಗಂಟು. ಹಳದಿ ಜಾಲರಿಯಿದ್ದ ಒಂದು ಸಿಗ್ನಲ್ಲಿನಲ್ಲಿ ಹಸಿರು ಬಂತು. ಆಚೆ ಕಡೆ ಬಸ್ಸಿನ ಹಿಂದೆ ಆಟೋ, ಆಟೋ ಹಿಂದೆ ಕಾರು, ಒಂದು ಗುಂಡಿ ಇಡುವಷ್ಟೂ ಜಾಗವಿರಲಿಲ್ಲ. ನಾನು ಅಲುಗಲಿಲ್ಲ. ಹಿಂದೆ ಹಾರ್ನ್ ಶುರುವಾಯಿತು.

‘ಹಸಿರು ಬಂತಲ್ಲೇ, ಹೋಗಬಾರದೇ?’ ಎಂದರು.

‘ಎಲ್ಲಿಗೆ ಹೋಗಲಿ, ನೀವೇ ತೋರಿಸಿ’ ಎಂದೆ.

ಅವರು ಮುಂದೆ ನೋಡಿದರು, ಮತ್ತೆ ಮಾತಾಡಲಿಲ್ಲ. ಬಸ್ಸು ಸರಿದ ಮೇಲೆ ದಾಟಿದೆವು. ಎಡಗಡೆಯ ರಸ್ತೆಯವರು ನಮ್ಮ ಮುಂದಿನಿಂದ ತಡೆಯಿಲ್ಲದೆ ಹೋಗಿದ್ದರು, ಅವರಲ್ಲೊಬ್ಬರೂ ನಮ್ಮತ್ತ ತಿರುಗಿ ನೋಡಲಿಲ್ಲ.

ಅಂಕ ಕೊಡಬೇಕೆಂದರೆ ಶಾಲೆಗೆ ಐದರಲ್ಲಿ ಎರಡು. ಒಂದು ಬ್ರೇಕಿಗೆ, ಇನ್ನೊಂದು ಹುಡುಗನ ತಾಳ್ಮೆಗೆ. ಯಾವ ಶಾಲೆಗೇ ಸೇರಿದರೂ ಮೊದಲ ದಿನದಿಂದಲೇ ನಿಮಿಷ ಬರೆದಿಡಿ, 10 ಗಂಟೆ ತುಂಬುವವರೆಗೆ ತರಬೇತಿ ಮುಗಿಯಿತೆಂದು ಸಹಿ ಹಾಕಬೇಡಿ. ಗೆರೆಗಳ ಪಾಠವನ್ನು ಯಾವ ದಿನ, ಯಾರು, ಎಲ್ಲಿ ನಿಂತು ಮಾಡುತ್ತಾರೆಂದು ಕೇಳಿ. ವಿಡಿಯೊ ಕಳುಹಿಸುತ್ತೇವೆ ಎಂದರೆ ಎದ್ದು ಬನ್ನಿ. ಮೇಷ್ಟ್ರಿಗೆ ನನ್ನ ಅಂಕ ಬೇಕಾಗಿಲ್ಲ. ಬೆಳಗಿನ ಹೊತ್ತು ಮೆಟ್ರೋಪೋಲ್ ಕಡೆ ಬಿಳಿ ಅಂಗಿಯ ಹಿರಿಯರೊಬ್ಬರು ಪಾದಚಾರಿ ಮಾರ್ಗದ ಮೇಲೆ ಮಂಡಿಯೂರಿ ನೀಲಿ ಗೆರೆ ಎಳೆಯುತ್ತಿದ್ದರೆ ಅದೇ ಶಾಲೆ ಎಂದು ತಿಳಿಯಿರಿ. ಗುಂಡಿಗಳನ್ನು ಲೆಕ್ಕ ಹಾಕಿ ಹಿಂದಿರುಗಿಸಿದರು. ಬಿಲ್ಲೆ ಇನ್ನೂ ಅವರ ಹತ್ತಿರವೇ ಇದೆ.